ಹಿಡಿಯುವ ಸಾಧನಕ್ಕೆ ಪೇಟೆಂಟ್: ‘ಇದು ಯಾರಿಗಾದರೂ ಹೊಳೀತಿತ್ತು’ ಅನ್ನುವ ಆಕ್ಷೇಪವನ್ನು ತೂಗಿ ನೋಡುವುದು ಹೇಗೆ?

ಕಲಬುರಗಿ, ಬೀದರ್ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಡಿಪ್ಲೊಮಾ, ಇಂಜಿನಿಯರಿಂಗ್ ಕೊನೆಯ ವರ್ಷದವರೇ ಜಾಸ್ತಿ. “ಸರ್, ನಾವೊಂದು ಗ್ರಿಪ್ಪರ್ ಮಾಡೀವ್ರಿ. ಗೂಗಲ್‌ದಾಗ ಎಷ್ಟು ಹುಡುಕಿದ್ರೂ ಇಂಥದ್ದು ಸಿಗಲಿಲ್ಲ. ಪೇಟೆಂಟ್ ಸಿಗ್ತದಲ್ರೀ?”

ಸಿಗದೇ ಇದ್ದದ್ದು ಒಳ್ಳೆಯದೇ. ಆದರೆ ಅಲ್ಲಿಗೆ ಅರ್ಧ ದಾರಿ ಮಾತ್ರ ಮುಗಿಯಿತು. ಪೇಟೆಂಟ್ ಕಚೇರಿ ಎರಡು ಬೇರೆ ಬೇರೆ ಪ್ರಶ್ನೆ ಕೇಳುತ್ತದೆ. ಇದು ಹೊಸದಾ? ಹೊಸದೇ ಆದರೂ, ಈ ಕೆಲಸ ಬಲ್ಲವನಿಗೆ ತಾನಾಗಿ ಹೊಳೆಯುವಂಥದ್ದಾ? ಗ್ರಿಪ್ಪರ್, ಕ್ಲ್ಯಾಂಪ್, ಚಕ್, ಇಕ್ಕಳದಂಥ ಸಾಧನಗಳು ಮೊದಲನೆಯದರಲ್ಲಿ ಪಾಸಾಗಿ ಎರಡನೆಯದರಲ್ಲಿ ಬೀಳುವುದನ್ನು ನಾನು ತುಂಬ ಸಲ ನೋಡಿದ್ದೇನೆ. ಅದಕ್ಕೇ ಈ ಬರಹ ಎರಡನೆಯ ಪ್ರಶ್ನೆಯ ಬಗ್ಗೆ ಮಾತ್ರ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 2(1)(ಜೆಎ) ‘ಇನ್ವೆಂಟಿವ್ ಸ್ಟೆಪ್’ ಅಂದರೇನು ಎಂದು ಹೇಳುತ್ತದೆ. ಈಗಾಗಲೇ ಗೊತ್ತಿರುವುದಕ್ಕಿಂತ ತಾಂತ್ರಿಕವಾಗಿ ಮುಂದಿರಬೇಕು, ಇಲ್ಲವೇ ಆರ್ಥಿಕ ಮಹತ್ವ ಇರಬೇಕು, ಎರಡೂ ಇದ್ದರೂ ಸರಿ. ಅದರ ಜೊತೆಗೆ, ಆ ಕೆಲಸದಲ್ಲಿ ಪಳಗಿದವರಿಗೆ ಅದು ‘ಆಬ್ವಿಯಸ್’ ಆಗಿರಬಾರದು. ಆಬ್ವಿಯಸ್ ಅಂದರೆ ಸುಲಭವಾಗಿ ಹೊಳೆಯುವಂಥದ್ದು. ಇಲ್ಲಿ ‘ಜೊತೆಗೆ’ ಅನ್ನುವ ಪದಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. “ನಮ್ಮದು ಅರ್ಧ ರೇಟಿಗೆ ಬರ್ತದ ಸರ್” ಅಂದರೆ ಆರ್ಥಿಕ ಮಹತ್ವದ ಮಾತಾಯಿತು ಅಷ್ಟೇ. ಆಬ್ವಿಯಸ್ ಅನ್ನುವ ಗೇಟು ಇನ್ನೂ ಮುಂದಿದೆ.

ಕೈಯಲ್ಲಿ ಏನೇನಿರಬೇಕು? ಕ್ಲೇಮಿನ (ನಿಮ್ಮ ಹಕ್ಕು ಯಾವುದಕ್ಕೆ ಅಂತ ಹೇಳುವ ವಾಕ್ಯದ) ಪೂರ್ತಿ ಬರಹ, ಒಂದು ತಾರೀಖು, ನಿಮ್ಮದಕ್ಕೆ ತೀರ ಹತ್ತಿರ ಬರುವ ಮೂರು ನಾಲ್ಕು ಹಳೆಯ ದಾಖಲೆ, ಗೆರೆ ಹಾಕಿದ ಒಂದು ನೋಟ್‌ಬುಕ್. ಜೊತೆಗೆ ಒಂದು ಮಧ್ಯಾಹ್ನ ಬಿಡುವಿರುವ ಒಳ್ಳೆಯ ಟರ್ನರ್ (ಸಾಮಾನನ್ನು ತಿರುಗಿಸಿ ಕೆರೆಯುವ ಲೇಥ್ ಯಂತ್ರ ಓಡಿಸುವವನು) ಅಥವಾ ಫಿಟ್ಟರ್ ಸಿಕ್ಕರೆ ಅರ್ಧ ಕೆಲಸ ಆದಂತೆ.

ಉದಾಹರಣೆ ಇಲ್ಲದೆ ಇದನ್ನು ವಿವರಿಸುವುದು ಕಷ್ಟ. ನಾನೇ ಒಂದನ್ನು ಕಟ್ಟಿಕೊಂಡಿದ್ದೇನೆ. ಬೀದರಿನ ಬಿದ್ರಿ ಕೆಲಸ ನೀವು ನೋಡಿರುತ್ತೀರಿ. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಸುರಾಯಿ, ಅಂದರೆ ಕಿರಿದಾದ ಕತ್ತಿನ ಹೂಜಿ, ಎರಕ ಹೊಯ್ದು, ಮೇಲ್ಮೈ ನಯ ಮಾಡಿ, ಉಳಿಯಿಂದ ಚಿತ್ತಾರ ಕೆತ್ತಿ, ಆ ಗೀರಿನಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೆತ್ತುವಾಗ ಪಾತ್ರೆ ಅಲುಗಾಡಬಾರದು. ಅದಕ್ಕೆ ಮೇಣ ಹಾಕಿ ಕಲ್ಲಿನ ಮೇಲೆ ಅಂಟಿಸಿಕೊಳ್ಳುವುದು ಹಳೆಯ ರೂಢಿ. ಕುಶಲಕರ್ಮಿ ನೆಲದ ಮೇಲೆ ಕೂತು ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಸಣ್ಣ ಸುತ್ತಿಗೆ ಹಿಡಿದು ಟಕ ಟಕ ಬಡಿಯುತ್ತಾನೆ. ಇನ್ನೊಂದು ಬದಿ ಕೆತ್ತಬೇಕಾದರೆ ಪಾತ್ರೆ ಬಿಡಿಸಬೇಕು, ತಿರುಗಿಸಬೇಕು, ಮತ್ತೆ ಅಂಟಿಸಬೇಕು. ಈಗ ಕಾಲೇಜಿನ ಕೆಲವು ಹುಡುಗರು ಮೇಣದ ಬದಲು ಒಂದು ಹಿಡಿಕೆ ಮಾಡಿದರು ಅಂದುಕೊಳ್ಳಿ. ಅವರ ಕ್ಲೇಮ್ ಹೀಗಿದೆ:

“ಕಿರಿದಾದ ಕತ್ತಿನ ಲೋಹದ ಪಾತ್ರೆಯನ್ನು ಕೆತ್ತನೆಗಾಗಿ ಹಿಡಿಯುವ ಸಾಧನ. ಅದರಲ್ಲಿ, (ಅ) ಎತ್ತ ಬೇಕಾದರೂ ವಾಲಿಸಿ ನಿಲ್ಲಿಸಬಹುದಾದ ಗುಂಡು ತಳದ ಪೀಠ. (ಆ) ಪೀಠದ ಮೇಲೆ ನಿಂತ ಕೊಳವೆ ಮತ್ತು ಅದರೊಳಗಿನ ಸ್ಕ್ರೂ ಸರಳು. (ಇ) ಸರಳು ತಿರುಗಿಸಿದಾಗ ಕೊಡೆಯಂತೆ ಅರಳಿ ಪಾತ್ರೆಯ ಹೊಟ್ಟೆಯನ್ನು ಒಳಗಿನಿಂದ ಒತ್ತುವ ಮೂರು ಬೆರಳುಗಳು. (ಈ) ಪ್ರತಿ ಬೆರಳ ತುದಿಗೆ ರಬ್ಬರ್ ಮೆತ್ತೆ.”

ಇದನ್ನೇ ಹಿಡಿದು ಮುಂದೆ ಹೋಗೋಣ.

ಹಂತ 1: ಕ್ಲೇಮನ್ನು ತುಂಡು ಮಾಡಿ

ಕ್ಲೇಮ್ ಅಂದರೆ ಅರ್ಜಿಯ ಕೊನೆಯಲ್ಲಿ ನಂಬರ್ ಹಾಕಿ ಬರೆದ ವಾಕ್ಯಗಳು. ಜಮೀನಿಗೆ ಚೆಕ್ಕುಬಂದಿ ಇದ್ದ ಹಾಗೆ, ನಿಮ್ಮ ಹಕ್ಕು ಎಲ್ಲಿಂದ ಎಲ್ಲಿಯವರೆಗೆ ಅಂತ ಹೇಳುವುದು ಅವೇ. ತೂಗಿ ನೋಡಬೇಕಾದ್ದು ಕ್ಲೇಮನ್ನು. ಮಾಡೆಲನ್ನಲ್ಲ, ಪಿಪಿಟಿಯನ್ನಲ್ಲ, ಪ್ರಾಜೆಕ್ಟ್ ರಿಪೋರ್ಟನ್ನೂ ಅಲ್ಲ.

ಇಲ್ಲಿ ಎಡವುವವರು ಬಹಳ. ಮಾಡೆಲ್‌ನಲ್ಲಿ ಒಂದು ಚೆಂದದ ಸ್ಪ್ರಿಂಗ್ ಇರುತ್ತದೆ, ಅದೇ ಇಡೀ ಸಾಧನದ ಜೀವ. ಕ್ಲೇಮಿನಲ್ಲಿ ಅದರ ಹೆಸರೇ ಇರುವುದಿಲ್ಲ. ಕ್ಲೇಮಿನಲ್ಲಿ ಇಲ್ಲದ ಸ್ಪ್ರಿಂಗ್ ನಿಮ್ಮನ್ನು ಕಾಪಾಡುವುದಿಲ್ಲ. ಪ್ರತಿ ಭಾಗಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಕೊಡಿ. ಪಕ್ಕದಲ್ಲಿ ಅದು ಮಾಡುವ ಕೆಲಸ ಬರೆಯಿರಿ. ‘ರಬ್ಬರ್ ಮೆತ್ತೆ: ಗೀರು ಬೀಳದಂತೆ, ಜಾರದಂತೆ.’ ಈ ಎರಡನೆಯ ಕಾಲಂ ಆಮೇಲೆ ಬಹಳ ಉಪಯೋಗಕ್ಕೆ ಬರುತ್ತದೆ.

ಹಂತ 2: ತಾರೀಖಿಗೆ ಮೊಳೆ ಹೊಡೆಯಿರಿ

ಎಲ್ಲವನ್ನೂ ಅಳೆಯುವುದು ‘ಪ್ರಯಾರಿಟಿ’ ದಿನಾಂಕದಿಂದ. ಸಾಮಾನ್ಯವಾಗಿ ಅದು ನಿಮ್ಮ ಮೊದಲ ಅರ್ಜಿ ಬಿದ್ದ ದಿನ. ಪ್ರೊವಿಜನಲ್, ಅಂದರೆ ತಾತ್ಕಾಲಿಕ ವಿವರಣೆ ಹಾಕಿದ್ದರೆ ಆ ದಿನ. ಅದಾದ 12 ತಿಂಗಳೊಳಗೆ ಪೂರ್ತಿ ವಿವರಣೆ ಹಾಕದಿದ್ದರೆ ಅರ್ಜಿ ಬಿಟ್ಟುಕೊಟ್ಟಂತೆ. ಆ ದಿನಕ್ಕಿಂತ ಮೊದಲು ಜಗತ್ತಿಗೆ ಗೊತ್ತಿದ್ದದ್ದೆಲ್ಲ ‘ಪ್ರಯರ್ ಆರ್ಟ್’, ಅಂದರೆ ಮೊದಲೇ ಇದ್ದದ್ದು. ಆಮೇಲೆ ಬಂದದ್ದು ಲೆಕ್ಕಕ್ಕಿಲ್ಲ.

ಎಚ್ಚರ: ನೀವೇ ಮೊದಲೇ ತೋರಿಸಿದ್ದು ಕೂಡ ಪ್ರಯರ್ ಆರ್ಟ್. ಒಂದು ಪ್ರಾಜೆಕ್ಟ್ ತಂಡದವರು ಅರ್ಜಿಗೆ ಮೂರು ತಿಂಗಳ ಮುಂಚೆ ತಮ್ಮ ಗ್ರಿಪ್ಪರ್‌ನ ವಿಡಿಯೊವನ್ನು ಯೂಟ್ಯೂಬ್‌ಗೆ ಹಾಕಿದ್ದರು. ಆಮೇಲೆ ನನ್ನ ಹತ್ತಿರ ಬಂದರು. ಅವರದೇ ವಿಡಿಯೊ ಅವರಿಗೇ ಅಡ್ಡ ನಿಂತಿತ್ತು. ಸರಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಂಥ ಕೆಲವೇ ಸಂದರ್ಭಗಳಿಗೆ ಕಾಯ್ದೆಯಲ್ಲಿ 12 ತಿಂಗಳ ರಿಯಾಯಿತಿ ಇದೆ. ಕಾಲೇಜು ಫೆಸ್ಟ್, ಇನ್‌ಸ್ಟಾಗ್ರಾಂ ರೀಲ್ ಅದರಲ್ಲಿ ಬರುವುದಿಲ್ಲ. ಮೊದಲು ಅರ್ಜಿ, ಆಮೇಲೆ ರೀಲ್.

ಹಂತ 3: ‘ಬಲ್ಲವನು’ ಯಾರು?

ಕಾನೂನು ಒಬ್ಬ ಕಾಲ್ಪನಿಕ ಮನುಷ್ಯನನ್ನು ಮುಂದಿಡುತ್ತದೆ. ಆ ಕೆಲಸದಲ್ಲಿ ಪಳಗಿದವನು, ಅಂದಿನವರೆಗೆ ಗೊತ್ತಿದ್ದದ್ದನ್ನೆಲ್ಲ ಬಲ್ಲವನು, ಆದರೆ ಹೊಸದನ್ನು ಕಂಡುಹಿಡಿಯುವ ಹುಚ್ಚು ಇಲ್ಲದವನು. ನಮ್ಮ ಉದಾಹರಣೆಯಲ್ಲಿ ಅವನು ಯಾರು? ಬಿದ್ರಿ ಕುಶಲಕರ್ಮಿ ಒಬ್ಬನೇ ಅಲ್ಲ. ಐಐಎಸ್‌ಸಿಯ ರೋಬೋಟಿಕ್ಸ್ ಪ್ರೊಫೆಸರೂ ಅಲ್ಲ. ಕೆಲಸದ ಸಾಮಾನನ್ನು ಹಿಡಿಯುವ ಜಿಗ್, ಫಿಕ್ಸ್ಚರ್ ಮಾಡುವ ಟೂಲ್‌ರೂಮ್ ಮನುಷ್ಯ ಅವನು. ಅವನಿಗೆ ಬಿದ್ರಿ ಕೆಲಸದ ಕಷ್ಟವೂ ಗೊತ್ತು. ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಯಾವುದಾದರೂ ವರ್ಕ್‌ಶಾಪಿನ ಹಳೆಯ ಟರ್ನರ್‌ಗೆ ಒಂದು ವಾರ ಬೀದರಿನಲ್ಲಿ ಬಿದ್ರಿ ಕೆಲಸ ತೋರಿಸಿಕೊಂಡು ಬಂದರೆ ಹೇಗಿರುತ್ತಾನೋ, ಹೆಚ್ಚುಕಡಿಮೆ ಹಾಗೆ.

ಇವನನ್ನು ಜಾಣನನ್ನಾಗಿ ಮಾಡಿದರೆ ಎಲ್ಲವೂ ಆಬ್ವಿಯಸ್ ಆಗುತ್ತದೆ. ದಡ್ಡನನ್ನಾಗಿ ಮಾಡಿದರೆ ಯಾವುದೂ ಆಗುವುದಿಲ್ಲ. ಅರ್ಜಿ ನಿಮ್ಮದಾದರೆ ದಡ್ಡನನ್ನು ಆರಿಸುವ ಆಸೆ ಬರುತ್ತದೆ, ಎದುರಾಳಿಯದಾದರೆ ಜಾಣನನ್ನು. ಎರಡೂ ಬೇಡ.

ಹಂತ 4: ಮೊದಲೇ ಇದ್ದದ್ದನ್ನು ಹುಡುಕಿ

ಭಾರತದ ಅರ್ಜಿಗಳಿಗೆ ಪೇಟೆಂಟ್ ಕಚೇರಿಯ ‘ಇನ್‌ಪಾಸ್’, ಹೊರಗಿನದಕ್ಕೆ ಎಸ್ಪಾಸ್‌ನೆಟ್, ಗೂಗಲ್ ಪೇಟೆಂಟ್ಸ್. ಮೂರೂ ಪುಕ್ಕಟೆ. ಪದ ಹಾಕಿ ಹುಡುಕಿದರೆ ಮೋಸ ಹೋಗುತ್ತೀರಿ. ನೀವು ಗ್ರಿಪ್ಪರ್ ಅನ್ನುವುದನ್ನು ಇನ್ನೊಬ್ಬರು ಹೋಲ್ಡರ್ ಅಂದಿರುತ್ತಾರೆ, ಮತ್ತೊಬ್ಬರು ‘ವಸ್ತುವನ್ನು ತೊಡಗಿಸಿಕೊಳ್ಳುವ ಅಂಗ’ ಅಂತ ವಕೀಲರ ಭಾಷೆಯಲ್ಲಿ ಬರೆದಿರುತ್ತಾರೆ. ಅದಕ್ಕೇ ಐಪಿಸಿ ಅನ್ನುವ ವರ್ಗೀಕರಣದ ನಂಬರ್ ಹಿಡಿದು ಹುಡುಕಿ. ರೋಬೋಟಿನ ಹಿಡಿಯುವ ತಲೆಗಳು ಬಿ25ಜೆ 15ರಲ್ಲಿವೆ. ವೈಸ್, ಕ್ಲ್ಯಾಂಪ್ ಬಿ25ಬಿಯಲ್ಲಿ, ಲೇಥಿನ ಚಕ್ ಬಿ23ಬಿ 31ರಲ್ಲಿ, ಕ್ರೇನಿನಿಂದ ಭಾರ ಎತ್ತುವ ಇಕ್ಕಳಗಳು ಬಿ66ಸಿ 1ರಲ್ಲಿ, ಹಣ್ಣು ಕೀಳುವ ಸಾಧನಗಳು ಎ01ಡಿ 46ರಲ್ಲಿ. ಹುಡುಕುವ ಪೆಟ್ಟಿಗೆಯಲ್ಲಿ ಈ ಅಕ್ಷರಗಳನ್ನು ಇಂಗ್ಲಿಷಿನಲ್ಲೇ ಹೊಡೆಯಬೇಕು.

ಪೇಟೆಂಟ್ ದಾಖಲೆ ಮಾತ್ರ ಪ್ರಯರ್ ಆರ್ಟ್ ಅಲ್ಲ. ಕಂಪನಿಗಳ ಕ್ಯಾಟಲಾಗ್, ಐಟಿಐ ಪಠ್ಯ, ಸಂತೆಯಲ್ಲಿ ಮಾರುವ ಸಾಮಾನು, ಎಲ್ಲರೂ ನೋಡುವಂತೆ ನಡೆಯುವ ರೂಢಿ, ಎಲ್ಲವೂ ಸೇರುತ್ತವೆ. ಹಳೆಯದಾದಷ್ಟೂ ಅದರ ಬೆಲೆ ಕಮ್ಮಿಯಾಗುವುದಿಲ್ಲ. ಭಾರ ಹೆಚ್ಚಿದಷ್ಟೂ ಬಿಗಿಯಾಗುವ ಕತ್ತರಿ ಇಕ್ಕಳವನ್ನೇ ತಗೊಳ್ಳಿ. ಶಹಾಬಾದ್ ಫರ್ಸಿ ಎತ್ತಲು ಅಂಥದ್ದನ್ನು ಮಾಡಿಕೊಂಡು ಬಂದು ‘ಇದು ನಮ್ಮ ಐಡಿಯಾ’ ಅನ್ನುವವರಿದ್ದಾರೆ. ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ಕಟ್ಟಡದ ಕಲ್ಲುಗಳನ್ನು ಅಂಥ ಕಬ್ಬಿಣದ ಇಕ್ಕಳದಿಂದಲೇ ಎತ್ತುತ್ತಿದ್ದರು.

ನಮ್ಮ ಸುರಾಯಿ ಹಿಡಿಕೆಗೆ ನಾಲ್ಕು ಸಿಗುತ್ತವೆ. ಒಂದು, ಮೇಣದಿಂದ ಅಂಟಿಸುವ ಬೀದರಿನ ರೂಢಿ. ಎರಡು, ಕೆತ್ತನೆಗಾರರು ಬಳಸುವ ಗುಂಡು ವೈಸ್. ಅದರ ತಳ ಗೋಲದ ಹಾಗಿದ್ದು ಎತ್ತ ಬೇಕಾದರೂ ವಾಲುತ್ತದೆ. ಮೂರು, ಲೇಥಿನ ಎಕ್ಸ್‌ಪ್ಯಾಂಡಿಂಗ್ ಮ್ಯಾಂಡ್ರೆಲ್. ತೂತಿನೊಳಗೆ ಹೋಗಿ, ಹಿಗ್ಗಿ, ಒಳಗಿನಿಂದ ಹಿಡಿಯುವ ಸರಳು ಅದು. ನಾಲ್ಕು, ಟೊಳ್ಳು ಗೋಡೆಗೆ ಹಾಕುವ ಟಾಗಲ್ ಬೋಲ್ಟ್. ಸಣ್ಣ ತೂತಿನಲ್ಲಿ ಮಡಚಿಕೊಂಡು ಹೋಗಿ, ಒಳಗೆ ರೆಕ್ಕೆ ಬಿಚ್ಚುತ್ತದೆ.

ಹಂತ 5: ವ್ಯತ್ಯಾಸ ಎಷ್ಟಿದೆ ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ

ನಾಲ್ಕರಲ್ಲಿ ನಿಮ್ಮ ಉದ್ದೇಶಕ್ಕೂ ರಚನೆಗೂ ತೀರ ಹತ್ತಿರದ್ದು ಯಾವುದು? ನನ್ನ ಪ್ರಕಾರ ಗುಂಡು ವೈಸ್, ಏಕೆಂದರೆ ಅದೂ ಕೆತ್ತನೆಗೇ ಇರುವುದು. (ಅ) ಅದರಲ್ಲಿದೆ. ಉಳಿದದ್ದು: ‘ಹೊರಗಿನಿಂದ ಹಿಡಿಯುವ ಬದಲು ಒಳಗಿನಿಂದ, ಕತ್ತು ದಾಟಿ ಹೋಗಿ ಅರಳುವ ಮೂರು ಬೆರಳಿಂದ, ರಬ್ಬರ್ ಹಾಕಿ ಹಿಡಿಯುವುದು.’

ಒಂದು ವಿಷಯ ನೆನಪಿಡಿ. ‘ಹೊಸದಲ್ಲ’ ಅನ್ನಬೇಕಾದರೆ ಎಲ್ಲ ಭಾಗವೂ ಒಂದೇ ದಾಖಲೆಯಲ್ಲಿ ಸಿಗಬೇಕು. ‘ಆಬ್ವಿಯಸ್’ ಅನ್ನಲು ಎರಡು ಮೂರು ದಾಖಲೆ ಜೋಡಿಸಬಹುದು. ಆದ್ದರಿಂದ “ಇಡೀ ಸಾಧನ ಎಲ್ಲೂ ಒಟ್ಟಿಗೆ ಇಲ್ಲ” ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ.

ಹಂತ 6: ‘ಅವನು ಯಾಕೆ ಹಾಗೆ ಮಾಡುತ್ತಿದ್ದ?’

ಇಡೀ ಕೆಲಸದ ಹೂರಣ ಇಲ್ಲಿದೆ. ಭಾಗಗಳು ಹಳೆಯವು ಅಂತ ತೋರಿಸಿದರೆ ಸಾಲದು, ಯಂತ್ರಗಳೆಲ್ಲ ಹಳೆಯ ಭಾಗಗಳಿಂದಲೇ ಆಗಿರುತ್ತವೆ. ಬಲ್ಲವನಿಗೆ ಅವನ್ನು ಹೀಗೇ ಜೋಡಿಸಲು ಕಾರಣ ಇತ್ತಾ? ಜೋಡಿಸಿದರೆ ಕೆಲಸ ಮಾಡುತ್ತದೆ ಅನ್ನುವ ಭರವಸೆ ಇತ್ತಾ? ಈ ಎರಡಕ್ಕೂ ಉತ್ತರ ಬರೆಯಬೇಕು.

ನಮ್ಮ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಕೊಟ್ಟ ಹೆಸರುವಾಸಿ ತೀರ್ಪು ಹಿಡಿಯುವ ಸಾಧನದ ಬಗ್ಗೆಯೇ ಇದೆ. ಬಿಶ್ವನಾಥ್ ಪ್ರಸಾದ್ ರಾಧೇ ಶ್ಯಾಮ್ ವಿರುದ್ಧ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್, 1978. ಊರು ಉತ್ತರ ಪ್ರದೇಶದ ಮಿರ್ಜಾಪುರ, ಸಾಮಾನು ಹಿತ್ತಾಳೆ ಪಾತ್ರೆ. ಲೇಥಿನ ಹೆಡ್‌ಸ್ಟಾಕ್‌ಗೆ, ಅಂದರೆ ತಿರುಗುವ ತಲೆಗೆ, ಪಾತ್ರೆಯನ್ನು ಅಂಟಿನಿಂದ ಕೂರಿಸಿ ಕೆರೆಯುವುದು ಅಲ್ಲಿಯ ಹಳೆಯ ಪದ್ಧತಿ. ಓಡುವಾಗ ಪಾತ್ರೆ ಹಾರಿ ಬಂದು ಬಡಿಯುವ ಅಪಾಯವಿತ್ತು. ಒಂದು ಕಂಪನಿ ಇನ್ನೊಂದು ಬದಿಯಿಂದ ಸ್ಪಿಂಡಲ್, ಅಂದರೆ ತಿರುಗುವ ಸರಳು, ಒತ್ತಿ ಪಾತ್ರೆಯನ್ನು ಹಿಡಿಯುವ ವ್ಯವಸ್ಥೆ ಮಾಡಿ 1951ರಿಂದ ಜಾರಿಯಾಗುವಂತೆ ಪೇಟೆಂಟ್ ಪಡೆಯಿತು. ಅನುಕೂಲ ಇತ್ತು, ಸುರಕ್ಷತೆಯೂ ಇತ್ತು. ಆದರೂ ಕೋರ್ಟು ಪೇಟೆಂಟ್ ಊರ್ಜಿತವಲ್ಲ ಅಂದಿತು. ಟೇಲ್‌ಸ್ಟಾಕಿನಿಂದ, ಅಂದರೆ ಲೇಥಿನ ಎದುರು ತುದಿಯಿಂದ, ಒತ್ತಿ ಹಿಡಿಯುವುದು ದಶಕಗಳಿಂದ ಗೊತ್ತಿದ್ದ ವಿಷಯ. ಅದನ್ನು ಪಾತ್ರೆಗೆ ಹಚ್ಚಿದ್ದು ಬರೀ ‘ವರ್ಕ್‌ಶಾಪ್ ಸುಧಾರಣೆ’. ತೀರ್ಪು 1911ರ ಹಳೆಯ ಕಾಯ್ದೆಯಡಿ ಬಂದದ್ದು, ಆದರೆ ಅದರ ಪರೀಕ್ಷೆ ಇವತ್ತಿಗೂ ಬಳಕೆಯಲ್ಲಿದೆ: ಹಳೆಯ ದಾಖಲೆಯನ್ನು ಒಬ್ಬ ಸಮರ್ಥ ಕಸುಬುದಾರನ ಕೈಗಿಟ್ಟರೆ, ನಿಮ್ಮ ಆವಿಷ್ಕಾರದ ಸುಳಿವೇ ಇಲ್ಲದೆ, ‘ನನಗೆ ಬೇಕಾದ್ದು ಇದರಲ್ಲೇ ಇದೆ’ ಅನ್ನುತ್ತಿದ್ದನಾ?

ಅಂಟಿನ ಬದಲು ಹಿಡಿಕೆ. ಮಿರ್ಜಾಪುರದ ಪಾತ್ರೆಗೂ ನಮ್ಮ ಬೀದರಿನ ಸುರಾಯಿಗೂ ಎಷ್ಟು ಹತ್ತಿರ ನೋಡಿ!

ಈಗ ನಮ್ಮ ಕ್ಲೇಮಿಗೆ ಬನ್ನಿ. ಬಿದ್ರಿ ಪಾತ್ರೆಯ ಹೊರಮೈ ತುಂಬ ಕೆತ್ತನೆ ಬರುತ್ತದೆ, ಹೊರಗೆ ಹಿಡಿಯಲು ಜಾಗವೇ ಇಲ್ಲ. ಹಾಗಾದರೆ ಒಳಗಿನಿಂದ ಹಿಡಿಯಬೇಕು ಅನ್ನುವುದು ಟರ್ನರ್‌ಗೆ ಮೊದಲು ಹೊಳೆಯುವ ಮಾತು. ಮ್ಯಾಂಡ್ರೆಲ್ ಅವನ ಡ್ರಾಯರಿನಲ್ಲೇ ಇದೆ. ಕತ್ತು ಕಿರಿದು, ಹೊಟ್ಟೆ ಅಗಲ, ಆದ್ದರಿಂದ ಮಡಚಿ ಹೋಗಿ ಒಳಗೆ ಬಿಚ್ಚುವಂಥದ್ದು ಬೇಕು. ಟಾಗಲ್ ಬೋಲ್ಟ್ ಬೇರೆ ಕ್ಷೇತ್ರದ್ದು ಅನ್ನಬಹುದು. ಆದರೆ ‘ಸಣ್ಣ ಬಾಯಿಯಿಂದ ಒಳಗೆ ಹೋಗಿ ಅಗಲವಾಗಿ ಹಿಡಿಯುವುದು’ ಅನ್ನುವ ಸಮಸ್ಯೆ ಎರಡಕ್ಕೂ ಒಂದೇ. ಕೊಡೆ ಎಲ್ಲರ ಮನೆಯಲ್ಲೂ ಇದೆ ಅಲ್ವಾ? ಇನ್ನು ರಬ್ಬರ್. ಗೀರು ಬೀಳದಿರಲು ರಬ್ಬರ್ ಹಾಕುವುದಕ್ಕೆ ಪೇಟೆಂಟ್ ಕೇಳಬೇಡಿ, ದಯವಿಟ್ಟು.

ಭಾಗಗಳು ಒಂದಕ್ಕೊಂದು ಸೇರಿ ಹೊಸದೇನಾದರೂ ಮಾಡುತ್ತವೆಯೇ ಅಂತಲೂ ಕೇಳಿ. ಗುಂಡು ತಳ ವಾಲುತ್ತದೆ, ಬೆರಳು ಹಿಡಿಯುತ್ತದೆ, ರಬ್ಬರ್ ಕಾಪಾಡುತ್ತದೆ. ತಂತಮ್ಮ ಹಳೆಯ ಕೆಲಸವನ್ನೇ ತಾವು ತಾವು ಮಾಡಿಕೊಂಡು ಹೋಗುತ್ತಿವೆ. ಇಂಥದ್ದಕ್ಕೆ ಕಾಯ್ದೆಯಲ್ಲಿ ಬೇರೆಯದೇ ಒಂದು ಕತ್ತರಿ ಇದೆ, ಸೆಕ್ಷನ್ 3(ಎಫ್). ಗೊತ್ತಿರುವ ಸಾಧನಗಳು ಗೊತ್ತಿರುವ ರೀತಿಯಲ್ಲೇ, ಒಂದಕ್ಕೊಂದು ಸಂಬಂಧವಿಲ್ಲದೆ ಕೆಲಸ ಮಾಡುವಾಗ ಅವನ್ನು ಸುಮ್ನೆ ಜೋಡಿಸಿದ್ದು ಆವಿಷ್ಕಾರವೇ ಅಲ್ಲ ಅನ್ನುತ್ತದೆ ಅದು.

ಮೇಲಿನದನ್ನು ಕೆಳಗೆ, ಎಡದ್ದನ್ನು ಬಲಕ್ಕೆ ಮಾಡಿದರೆ? ಅಮೆರಿಕದ ಸುಪ್ರೀಂ ಕೋರ್ಟಿಗೆ 1966ರಲ್ಲಿ ಬಂದ ಗ್ರಹಾಂ ವಿರುದ್ಧ ಜಾನ್ ಡಿಯರ್ ಮೊಕದ್ದಮೆ ಇಂಥದ್ದು. ಕಲ್ಲು ನೆಲದಲ್ಲಿ ಉಳುವಾಗ ನೇಗಿಲ ಕಾಲಿಗೆ ಬೀಳುವ ಪೆಟ್ಟನ್ನು ತಾಳಿಕೊಳ್ಳುವ ಕ್ಲ್ಯಾಂಪ್ ಅದು. ಹಳೆಯದರಲ್ಲಿ ಕಾಲು ಒಂದು ತಟ್ಟೆಯ ಮೇಲಿತ್ತು, ಹೊಸದರಲ್ಲಿ ತಟ್ಟೆಯ ಕೆಳಗೆ ಬಂತು. ಇದರಿಂದ ಕಾಲು ಚೆನ್ನಾಗಿ ಬಾಗುತ್ತದೆ ಅಂತ ವಾದಿಸಿದರು. ಬಲ್ಲವನು ಅದನ್ನು ತಾನೇ ಕಂಡುಕೊಳ್ಳುತ್ತಿದ್ದ ಅಂತ ಹೇಳಿ ಕೋರ್ಟು ತಳ್ಳಿಹಾಕಿತು. ಆ ತೀರ್ಪು ಇಲ್ಲಿ ಕಡ್ಡಾಯವಲ್ಲ, ಆದರೆ ಯೋಚಿಸುವ ರೀತಿ ಉಪಯೋಗಕ್ಕೆ ಬರುತ್ತದೆ.

ಹಂತ 7: ನಕ್ಷೆಯನ್ನು ಮುಚ್ಚಿಟ್ಟು ಇನ್ನೊಮ್ಮೆ ಕೇಳಿ

ಉತ್ತರ ಗೊತ್ತಾದ ಮೇಲೆ ಯಾವ ಒಗಟೂ ಸುಲಭವೇ. ಇದನ್ನು ‘ಹಿಂಡ್‌ಸೈಟ್’ ಅನ್ನುತ್ತಾರೆ, ಆದದ್ದನ್ನು ನೋಡಿ ಬುದ್ಧಿ ಹೇಳುವುದು. ರೋಶ್ ಮತ್ತು ಸಿಪ್ಲಾ ನಡುವಿನ ಔಷಧದ ಮೊಕದ್ದಮೆಯಲ್ಲಿ 2015ರಲ್ಲಿ ದೆಹಲಿ ಹೈಕೋರ್ಟು ಆಬ್ವಿಯಸ್ ಪರೀಕ್ಷೆಗೆ ಐದು ಮೆಟ್ಟಿಲು ಹೇಳಿತು. ಕೊನೆಯ ಮೆಟ್ಟಿಲಲ್ಲಿ ಈ ತಪ್ಪಿಗೆ ಬೀಳಬೇಡಿ ಅಂತ ಸ್ಪಷ್ಟವಾಗಿ ಹೇಳಿದೆ.

ನಾನು ಮಾಡುವ ಉಪಾಯ ಇದು. ಟರ್ನರ್‌ಗೆ ನಕ್ಷೆ ತೋರಿಸುವುದಿಲ್ಲ. ಸಮಸ್ಯೆ ಮಾತ್ರ ಹೇಳುತ್ತೇನೆ: “ಉಸ್ತಾದ್, ಇಂಥ ಸುರಾಯಿ ಐತಿ. ಹೊರಗ ಮುಟ್ಟಂಗಿಲ್ಲ, ಮೇಣ ಹಚ್ಚಂಗಿಲ್ಲ. ಹ್ಯಾಂಗ ಹಿಡೀತಿ?” ಐದು ನಿಮಿಷದಲ್ಲಿ ಅವನು ‘ಒಳಗ ಮ್ಯಾಂಡ್ರೆಲ್ ಕೊಟ್ಟು ರಬ್ಬರ್ ಸುತ್ತಿಬಿಡ್ರಿ’ ಅಂದರೆ ನಿಮ್ಮ ಕ್ಲೇಮಿನ ಆರೋಗ್ಯ ಚೆನ್ನಾಗಿಲ್ಲ ಅಂತ ತಿಳಿಯಿರಿ. ಚಹಾ ಮುಗಿದರೂ ತಲೆ ಕೆರೆದುಕೊಳ್ಳುತ್ತಿದ್ದರೆ ಸ್ವಲ್ಪ ಆಸೆ ಇದೆ. ಇದು ಕೋರ್ಟಿಗೆ ಕೊಡುವ ಸಾಕ್ಷಿಯಲ್ಲ, ನಿಮ್ಮ ತಿಳಿವಳಿಕೆಗೆ ಅಷ್ಟೇ. ಅರ್ಜಿ ಹಾಕುವ ಮೊದಲು ಪರಿಹಾರವನ್ನು ಅಪ್ಪಿತಪ್ಪಿಯೂ ಬಾಯಿಬಿಡಬೇಡಿ.

ಹಂತ 8: ಎದುರಿನ ತಟ್ಟೆಗೂ ಏನಾದರೂ ಹಾಕಿ

ಇಷ್ಟರವರೆಗೆ ನಮ್ಮ ಕ್ಲೇಮ್ ಸೋತಿದೆ. ಆದರೆ ಅದೇ ಹುಡುಗರ ಮಾಡೆಲ್‌ನಲ್ಲಿ ಇನ್ನೊಂದು ಸಂಗತಿ ಇದೆ ಅಂದುಕೊಳ್ಳಿ. ಮೂರು ರಬ್ಬರ್ ಮೆತ್ತೆಯಲ್ಲಿ ಹಿಡಿದಾಗ ಪಾತ್ರೆ ನಿಂತಿತು, ಕೆತ್ತಲು ಮಾತ್ರ ಬರಲಿಲ್ಲ. ಮೆತ್ತೆ ಇಲ್ಲದ ಕಡೆ ಉಳಿ ಬಡಿದರೆ ಗೋಡೆ ಅದುರುತ್ತದೆ, ಉಳಿ ಪುಟಿಯುತ್ತದೆ. ಮೇಣ ಬರೀ ಹಿಡಿಯುತ್ತಿರಲಿಲ್ಲ, ಪೆಟ್ಟನ್ನು ನುಂಗುತ್ತಲೂ ಇತ್ತು ಅಂತ ಅವರಿಗೆ ಆಗ ಗೊತ್ತಾಯಿತು. ಅವರು ಮೆತ್ತೆ ಕಿತ್ತು, ಪ್ರತಿ ಬೆರಳಿಗೂ ಸಣ್ಣ ಕಾಳು ತುಂಬಿದ ರಬ್ಬರ್ ಚೀಲ ಕಟ್ಟಿದರು. ಚೀಲ ಮೆತ್ತಗಿರುವಾಗ ಕತ್ತಿನೊಳಗೆ ತೂರುತ್ತದೆ, ಒಳಗೋಡೆಯ ಆಕಾರಕ್ಕೆ ಕೂರುತ್ತದೆ. ಒಳಗಿನ ಗಾಳಿ ಹೊರಕ್ಕೆ ಎಳೆದರೆ ಕಾಳು ಒಂದಕ್ಕೊಂದು ಕಚ್ಚಿಕೊಂಡು ಕಲ್ಲಿನಂತಾಗುತ್ತದೆ.

ಈ ತತ್ವ ಹೊಸದಲ್ಲ. ಬಲೂನಿನಲ್ಲಿ ಕಾಫಿ ಪುಡಿ ತುಂಬಿ ಗಾಳಿ ಎಳೆದು ಸಾಮಾನು ಎತ್ತುವ ರೋಬೋಟ್ ಗ್ರಿಪ್ಪರ್ ಅನ್ನು ಅಮೆರಿಕದ ಸಂಶೋಧಕರು 2010ರಲ್ಲೇ ಪ್ರಕಟಿಸಿದ್ದಾರೆ. ಹಾಗಾದರೆ ಇದೂ ಬಿತ್ತಾ?

ತಡೆಯಿರಿ. ಆ ಗ್ರಿಪ್ಪರ್ ಹೊರಗಿನಿಂದ ತಬ್ಬಿ ಹಿಡಿಯುತ್ತದೆ. ಗಾಳಿ ಎಳೆದಾಗ ಚೀಲ ಸ್ವಲ್ಪ ಕುಗ್ಗುತ್ತದೆ, ಆ ಕುಗ್ಗುವಿಕೆಯೇ ಹಿಡಿತಕ್ಕೆ ಸಹಾಯ. ಅದನ್ನೇ ಪಾತ್ರೆಯ ಒಳಗಿಟ್ಟರೆ? ಕುಗ್ಗಿದ ಚೀಲ ಗೋಡೆಯಿಂದ ದೂರ ಸರಿಯುತ್ತದೆ, ಹಿಡಿತ ಬಿಡುತ್ತದೆ. ಅಂದರೆ ಹಳೆಯ ಜ್ಞಾನವನ್ನು ನೇರವಾಗಿ ಓದಿದ ಬಲ್ಲವನಿಗೆ ಇದು ಒಳಗೆ ಕೆಲಸ ಮಾಡದು ಅನ್ನಿಸಬೇಕು. ಹುಡುಗರು ಗಾಳಿ ಎಳೆದ ಮೇಲೆ ಸ್ಕ್ರೂ ಇನ್ನೊಂದು ಕಾಲು ಸುತ್ತು ತಿರುಗಿಸಿ, ಗಟ್ಟಿಯಾದ ಚೀಲಗಳನ್ನು ಗೋಡೆಗೆ ಮತ್ತೆ ಒತ್ತಿದರು. ಈಗ ಬೆರಳು, ಚೀಲ, ಸ್ಕ್ರೂ ಮೂರೂ ಒಂದನ್ನೊಂದು ನಂಬಿಕೊಂಡಿವೆ. ಚೀಲವಿಲ್ಲದೆ ಬೆರಳು ಪೆಟ್ಟು ನುಂಗದು, ಸ್ಕ್ರೂ ಇಲ್ಲದೆ ಚೀಲ ಹಿಡಿಯದು. 3(ಎಫ್)ನ ಕತ್ತರಿ ಇಲ್ಲಿ ಅಷ್ಟು ಸುಲಭವಾಗಿ ಆಡುವುದಿಲ್ಲ.

ಪೇಟೆಂಟ್ ಕಚೇರಿಯ ಪರೀಕ್ಷಕರು ಏನನ್ನಬಹುದು? “ಸಡಿಲಾದರೆ ಯಾರಾದರೂ ಸ್ಕ್ರೂ ಬಿಗಿಮಾಡುತ್ತಾರೆ.” ಒಳ್ಳೆಯ ವಾದವೇ. ಅದಕ್ಕೆ ಉತ್ತರ: ಸ್ಕ್ರೂ ಬಿಗಿಮಾಡುವ ಪ್ರಶ್ನೆ ಬರುವುದು ಚೀಲವನ್ನು ಒಳಗೆ ಹಾಕಿದ ಮೇಲೆ. ಅಲ್ಲಿಯವರೆಗೆ ಹೋಗಲು ಅವನಿಗೆ ಕಾರಣ ಏನಿತ್ತು? ಪೆಟ್ಟು ನುಂಗುವ ಸಮಸ್ಯೆಯನ್ನು ಯಾವ ದಾಖಲೆ ಎತ್ತಿದೆ? ನನ್ನನ್ನು ಕೇಳಿದರೆ ಇದು ಗೆದ್ದೇ ಗೆಲ್ಲುವ ಕ್ಲೇಮ್ ಅಲ್ಲ, ಆದರೆ ದುಡ್ಡು ಹಾಕಿ ಹೋರಾಡಬಹುದಾದದ್ದು. ಮೊದಲಿನದು ಹಾಗಲ್ಲ.

ಈ ತಟ್ಟೆಗೆ ಬೀಳುವ ಇತರ ಸಂಗತಿಗಳು: ಬಹಳ ವರ್ಷ ಜನ ಪರಿಹಾರ ಹುಡುಕಿ ಸೋತದ್ದು, ಯಾರೂ ನಿರೀಕ್ಷಿಸದ ಫಲಿತಾಂಶ, ಹಳೆಯ ದಾಖಲೆಯೇ ‘ಹೀಗೆ ಮಾಡಬೇಡಿ’ ಅಂದಿರುವುದು. ಫಲಿತಾಂಶ ಅಂದರೆ ಅಂಕಿ ಬೇಕು. ಮೇಣ, ರಬ್ಬರ್, ಕಾಳಿನ ಚೀಲ, ಮೂರರಲ್ಲೂ ಒಂದೇ ಸುರಾಯಿ, ಒಂದೇ ಉಳಿ ಇಟ್ಟು ಎಷ್ಟು ಸಲ ಜಾರಿತು, ಗೀರಿನ ಆಳ ಎಷ್ಟು ಅಂತ ಅಳೆದು ಬರೆದ ಒಂದು ಪುಟ, ‘ಅತ್ಯುತ್ತಮ ಹಿಡಿತ’ ಅಂತ ಬರೆದ ಹತ್ತು ಪುಟಕ್ಕಿಂತ ಮೇಲು. ‘ಚೆನ್ನಾಗಿ ಮಾರಾಟವಾಗ್ತಿದೆ’ ಅನ್ನುವುದಕ್ಕೆ ಹೆಚ್ಚು ತೂಕ ಕೊಡಬೇಡಿ. ರೇಟು, ಜಾಹೀರಾತು, ಪರಿಚಯ, ಯಾವುದರಿಂದಲೂ ಮಾರಾಟ ಆಗಿರಬಹುದು.

ಹಂತ 9: ತೀರ್ಮಾನವನ್ನು ಕ್ಲೇಮಿಗೆ ಇಳಿಸಿ

ಅರ್ಜಿಯನ್ನು ಕಚೇರಿ ಪರೀಕ್ಷಿಸಲಿ ಅನ್ನುವ ಕೋರಿಕೆಯನ್ನು ಬೇರೆಯಾಗಿ ಹಾಕಬೇಕು. 2024ರ ಮಾರ್ಚ್ 15ರಿಂದ ಈಚಿನ ಅರ್ಜಿಗಳಿಗೆ ಪ್ರಯಾರಿಟಿ ದಿನದಿಂದ 31 ತಿಂಗಳ ಗಡುವು. ಆಮೇಲೆ ಬರುವ ಮೊದಲ ಪರೀಕ್ಷಾ ವರದಿಯನ್ನು ಎಫ್‌ಇಆರ್ ಅನ್ನುತ್ತಾರೆ. ಆಬ್ವಿಯಸ್ ಆಕ್ಷೇಪ ಬರುವುದು ಅದರಲ್ಲೇ. ಅರ್ಜಿಯನ್ನು ಸರಿಪಡಿಸಿ ಆಕ್ಷೇಪಗಳನ್ನು ತೀರಿಸಲು ಆರು ತಿಂಗಳು, ಕೇಳಿಕೊಂಡರೆ ಇನ್ನೂ ಮೂರು. ವರದಿ ಬಂದ ದಿನ ಹೆದರಿ ಕೈಬಿಡುವವರಿದ್ದಾರೆ. ಬೇಡ, ಹೆಚ್ಚಿನ ಅರ್ಜಿಗಳಿಗೆ ಇಂಥ ವರದಿ ಬಂದೇ ಬರುತ್ತದೆ.

ತಿದ್ದುವಾಗ ಕ್ಲೇಮನ್ನು ಕಿರಿದು ಮಾಡಬಹುದು, ಮೊದಲ ವಿವರಣೆಯಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ. ಕಾಳಿನ ಚೀಲ, ಗಾಳಿ ಎಳೆದ ಮೇಲಿನ ಕಾಲು ಸುತ್ತು, ಇವೆರಡನ್ನೂ ಮೊದಲ ದಿನವೇ ವಿವರಣೆಯಲ್ಲಿ ಬರೆದಿಟ್ಟಿದ್ದರೆ ಮಾತ್ರ ಈಗ ಕ್ಲೇಮಿಗೆ ತರಬಹುದು. ಅದಕ್ಕೇ ವಿವರಣೆ ಬರೆಯುವಾಗ ಜಿಪುಣತನ ಬೇಡ. ಸೋತ ಪ್ರಯೋಗವನ್ನೂ, ಯಾಕೆ ಸೋತಿತು ಅನ್ನುವುದನ್ನೂ ಬರೆಯಿರಿ.

ಬೇರೆಯವರ ಅರ್ಜಿಯನ್ನು ಎದುರಿಸುವವರು ನೀವಾದರೆ ಇದೇ ನೋಟ್‌ಬುಕ್ ತಿರುಗಿಸಿ ಬಳಸಿ. ಅರ್ಜಿ ಪ್ರಕಟವಾದ ಮೇಲೆ ಪೇಟೆಂಟ್ ಕೊಡುವ ಮುಂಚೆ ಯಾರು ಬೇಕಾದರೂ ಸೆಕ್ಷನ್ 25(1)ರಡಿ ವಿರೋಧಿಸಬಹುದು. ಕೊಟ್ಟದ್ದು ಪ್ರಕಟವಾದ ಮೇಲೆ ಒಂದು ವರ್ಷದೊಳಗೆ, ಅದರಲ್ಲಿ ಹಿತಾಸಕ್ತಿ ಇರುವವರು 25(2)ರಡಿ. ಮೇಣದ ರೂಢಿಯಂಥದ್ದಕ್ಕೆ ದಿನಾಂಕವಿರುವ ಸಾಕ್ಷಿ ಬೇಕು. ಹಳೆಯ ಫೋಟೊ, ಮುದ್ರಿತ ಲೇಖನ, ಬಿಲ್ಲು ಹುಡುಕಿ. ‘ನಮ್ಮಜ್ಜನ ಕಾಲದಿಂದ ಹೀಗೇ ಮಾಡ್ತೀವಿ’ ಅನ್ನುವ ಮಾತು ಕುಶಲಕರ್ಮಿಯ ಅಫಿಡವಿಟ್ ಆಗಿ ಬರಬೇಕು.

ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ. ಆನ್‌ಲೈನಿನಲ್ಲೇ ಹಾಕಬಹುದು, ರೈಲು ಹತ್ತಬೇಕಿಲ್ಲ. ಪೇಟೆಂಟ್ ಏಜೆಂಟರ ಹತ್ತಿರ ಹೋಗುವಾಗ ಮಾಡೆಲ್ ಒಯ್ಯದಿದ್ದರೂ ನಡೆಯುತ್ತದೆ, ನೋಟ್‌ಬುಕ್ ಒಯ್ಯಿರಿ. ಮೊದಲ ಪುಟದಲ್ಲಿ ಹಂತ 5ರ ಆ ಒಂದು ವಾಕ್ಯ ಇರಲಿ, ಸುರಾಯಿ ಹುಡುಗರದ್ದಾದರೆ ಈಗ ಹೀಗೆ: ‘ಒಳಗಿನಿಂದ ಅರಳುವ ಬೆರಳುಗಳ ತುದಿಯಲ್ಲಿ ಕಾಳಿನ ಚೀಲ, ಗಾಳಿ ಎಳೆದು ಗಟ್ಟಿ ಮಾಡಿದ ಮೇಲೆ ಸ್ಕ್ರೂ ಅವನ್ನು ಮತ್ತೆ ಗೋಡೆಗೆ ಒತ್ತುತ್ತದೆ.’